ಒಗ್ಗರಣೆಯಿಲ್ಲದ ಸಾರು

ಬೈರಮಂಗಲದ ಮನೋಹರ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಿಮಗೆ ಅವನ ಮೇಲೆ ಸಿಟ್ಟು ಬರುತ್ತದೆ. ಬಿಡದಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ಒಂದು ದಿನವೂ ಕೈಯೆತ್ತಿದವನಲ್ಲ. ಇದ್ದದ್ದು ಒಂದೇ ಹುಚ್ಚು, ಗಾಡಿಯ ಹುಚ್ಚು.

ಕಾರ್ಖಾನೆಯ ಸಾಹೇಬರೊಬ್ಬರು ಹೊಸ ಕಾರು ತೆಗೆದುಕೊಂಡಾಗ ಅವರ ಹಳೆಯ ಟರ್ಬೊ ಕಾರು ಇವನ ಮನೆಗೆ ಬಂತು. ಟರ್ಬೊ ಎಂದರೆ ಇಂಜಿನ್ನು ಬಿಟ್ಟ ಹೊಗೆಯ ರಭಸಕ್ಕೇ ತಿರುಗಿ, ಇಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ಚಕ್ರ. ಆ ಚಕ್ರದಿಂದ ಇಳಿದು ಸೈಲೆನ್ಸರಿನ ಕಡೆಗೆ ಹೋಗುವ ಕಂಪನಿ ಪೈಪು ಸಣ್ಣದಂತೆ, ಅದನ್ನು ಕಿತ್ತು ದಪ್ಪನೆಯ ಡೌನ್‌ಪೈಪು ಹಾಕಿದರೆ ಗಾಡಿ ಹುಲಿಯಾಗುತ್ತದಂತೆ. ಶಿಫ್ಟಿನಲ್ಲಿ ಯಾರೋ ಹೀಗೆಂದದ್ದೇ ತಡ, ಇವನು ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡಿ ಪೈಪು ತಂದು, ಮಂಚದ ಕೆಳಗಿಟ್ಟು, ಭಾನುವಾರಕ್ಕೆ ಕಾದು ಕುಳಿತ. ಭಾನುವಾರವೇನೋ ಬಂತು. ಆದರೆ ಆ ಹೊತ್ತಿಗೆ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದವು.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಹುಳು ರಾತ್ರಿ ಹಗಲೆನ್ನದೆ ತಿನ್ನುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಹೊಗೆ, ಘಾಟು ತಾಗಿದರೆ ಸಾಯುತ್ತವೆ. ಆಗ ಹುಳುಮನೆಯ ಹತ್ತಿರ ಬೀಡಿ ಇಲ್ಲ, ಊದುಬತ್ತಿ ಇಲ್ಲ, ಮುಖಕ್ಕೆ ಪೌಡರು ಇಲ್ಲ. ಸಾರಿಗೆ ಒಗ್ಗರಣೆ ಬೇಕೆಂದರೆ ಹಿತ್ತಲಿನ ಆ ತುದಿಯ ಒಲೆಗೆ ಹೋಗಬೇಕು. ಮನೋಹರನ ಅಪ್ಪ ಬದುಕಿರುವಷ್ಟು ದಿನ ಒಂದು ಬೀಡಿ ಸೇದುವುದಕ್ಕೆ ಸೊಪ್ಪಿನ ತೋಟ ದಾಟಿ ಕೆರೆ ಏರಿಯ ತನಕ ನಡೆಯುತ್ತಿದ್ದ, ವಾಪಸು ಬಂದು ಬಾಯಿ ಮುಕ್ಕಳಿಸಿಯೇ ಒಳಗೆ ಕಾಲಿಡುತ್ತಿದ್ದ. ಇದನ್ನೆಲ್ಲ ನೋಡಿಕೊಂಡೇ ಬೆಳೆದವನು ಈ ಮಗರಾಯ. ಗೊತ್ತಿರಲಿಲ್ಲ ಅನ್ನುವ ಹಾಗೇ ಇಲ್ಲ.

ಅದೂ ಆ ಸಲದ ಹುಳುವಿನ ಬೆಳೆ ಅವನ ಹೆಂಡತಿ ಸೌಮ್ಯಳದು. ಅವಳು ಮಾಗಡಿ ಕಡೆಯ ಬೆದ್ದಲು ಸೀಮೆಯಿಂದ ಬಂದವಳು. ರಾಗಿ ಗೊತ್ತು, ಹುರುಳಿ ಗೊತ್ತು, ಹುಳು ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಹುಳುವಿನ ತಟ್ಟೆ ನೋಡಿ ವಾಕರಿಕೆ ತಡೆಯಲಾರದೆ ಆಚೆ ಓಡಿದ್ದಳು. ಅಂಥವಳು ಬೆಳೆಯ ಮೇಲೆ ಬೆಳೆ ಅತ್ತೆಯ ಹಿಂದೆ ನಿಂತು ಕಲಿತಳು. ಅತ್ತೆ ನಾಗಲಕ್ಷ್ಮಮ್ಮ ಸುಲಭಕ್ಕೆ ಮೆಚ್ಚುವ ಹೆಂಗಸಲ್ಲ. ಆದರೂ ಆ ಸಲ ಸೊಪ್ಪಿನ ಮಂಕರಿಯನ್ನು ಸೊಸೆಯ ಕೈಗಿಟ್ಟು, "ಈ ಬೆಳೆ ನಿಂದು ಕಣವ್ವಾ. ನಾನು ಬರೀ ನೋಡ್ಕಂಡಿರ್ತೀನಿ" ಅಂದಿದ್ದಳು. ಆ ಮನೆಯಲ್ಲಿ ಮಂಕರಿ ಕೊಡುವುದೆಂದರೆ ಯಜಮಾನಿಕೆ ಕೊಟ್ಟ ಹಾಗೆ. ಸೌಮ್ಯ ತನ್ನ ಪೌಡರಿನ ಡಬ್ಬಿಯನ್ನು ಅವತ್ತೇ ಅಟ್ಟದ ಮೇಲೆ ಹಾಕಿದಳು.

ಆ ಭಾನುವಾರ ನಾಗಲಕ್ಷ್ಮಮ್ಮ ಕನಕಪುರಕ್ಕೆ, ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಸೌಮ್ಯ ಹಿತ್ತಲ ಒಲೆಯಲ್ಲಿ ಅಡಿಗೆ ಮುಗಿಸಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು. ಮನೋಹರನ ಶಿಫ್ಟಿನ ಗೆಳೆಯ ಆಫ್ತಾಬ್ ರಾಮನಗರದಿಂದ ಬೈಕಿನಲ್ಲಿ ಬಂದ. ಅವರ ಮನೆಯಲ್ಲಿ ತಲೆಮಾರುಗಳಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಬಂದವನು ಕಾರು ನಿಂತ ಜಾಗ ನೋಡಿ ಹೌಹಾರಿದ. ಹುಳುಮನೆಯ ಎದುರಿಗೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಒಣಗಿಸುವ ಸಿಮೆಂಟು ಅಂಗಳದಲ್ಲಿ!

"ಅರೆ, ಹುಳ ಮನೆ ಮುಂದೆ ಯಾಕ್ಲಾ? ರೋಡ್ ಪಕ್ಕ ಹಾಕ್ಕಳಾಣ ನಡಿ."

"ರೋಡ್ ಪಕ್ಕ ಬರೀ ಮಣ್ಣು ಕಣ್ಲಾ, ಜಾಕು ಹೂತ್ಕತದೆ. ಬಿಚ್ಚಿ ಕಟ್ಟೋದಷ್ಟೇ ಇಲ್ಲಿ. ಸ್ಟಾರ್ಟು ಮಾಡೋದು ರೋಡಲ್ಲೇ."

ಮಾತು ಸರಿಯಾಗಿಯೇ ಇತ್ತು. ಜಾಕು ಕೊಟ್ಟು, ಚಕ್ರದ ಕೆಳಗೆ ಸೈಜುಗಲ್ಲು ಒಟ್ಟಿ, ಇಬ್ಬರೂ ಗೋಣಿಚೀಲ ಹಾಸಿಕೊಂಡು ಕಾರಿನಡಿ ತೂರಿದರು. ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಡೀಸೆಲ್ ಸುರಿದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಬೈದು, ಬೇಡಿಕೊಂಡು ಒಂದೊಂದಾಗಿ ಬಿಡಿಸಿದರು. ಹಳೆಯ ಪೈಪು ಇಳಿಯಿತು. ಹೊಸ ಪೈಪು ಕೂತಿತು. ಕೊನೆಯ ನಟ್ಟು ಬಿಗಿಯಾದ ಮೇಲೆ ಮನೋಹರನ ಕೈ ಸುಮ್ಮನಿರಬೇಕಲ್ಲ!

"ತಳ್ಕಂಡೋಗಣ ಬಾ" ಅಂದ ಆಫ್ತಾಬ್.

"ಒಂದೇ ಒಂದ್ ಕಿತ ಕಣ್ಲಾ. ಲೀಕ್ ಐತೇನೋ ನೋಡ್ಬುಡಾಣ. ಗಾಳಿ ಕೆರೆ ಕಡಿಕ್ಕೆ ಬೀಸ್ತಾ ಐತೆ."

ಚಾವಿ ತಿರುಗಿಸಿಯೇಬಿಟ್ಟ. ಆಹಾ, ಎಂಥ ಸದ್ದು! ಎದೆಯೊಳಗೇ ಯಾರೋ ತಮಟೆ ಬಡಿದ ಹಾಗಾಯಿತು ಅವನಿಗೆ. ತುಕ್ಕು ಹಿಡಿಯದಿರಲೆಂದು ಹೊಸ ಪೈಪಿಗೆ ಎಣ್ಣೆ ಬಳಿದಿರುತ್ತಾರೆ, ಹಾಕುವ ಮುಂಚೆ ಒರೆಸಬೇಕು. ಸಡಗರದಲ್ಲಿ ಅದು ಮರೆತಿತ್ತು. ಪೈಪು ಕಾದದ್ದೇ ಕಾರಿನಡಿಯಿಂದ ದಟ್ಟ ಹೊಗೆ ಎದ್ದಿತು. ಆಫ್ತಾಬ್ ಎರಡೂ ಕೈ ಬೀಸಿ ಆಫ್ ಮಾಡು ಅಂದ. ಮನೋಹರ ನೋಡಿದ. ನೋಡಿಯೂ ಇನ್ನೊಂದು ಸಲ ಆಕ್ಸಿಲರೇಟರ್ ಒತ್ತಿದ, ಬರೀ ಆ ಸದ್ದಿನ ಆಸೆಗೆ. ಗಾಳಿಯೇನು ಇವನ ಅಪ್ಪನ ಮನೆ ಆಳೇ? ತಿರುಗಿತು. ಹುಳುಮನೆಯ ಕಿಟಕಿಗಳಿಗೆ ಊಜಿ ನೊಣ ಬಾರದಿರಲೆಂದು ಬಲೆ ಕಟ್ಟಿದ್ದರು. ಬಲೆ ನೊಣವನ್ನು ತಡೆಯುತ್ತದೆ, ಹೊಗೆಯನ್ನು ತಡೆಯುವುದಿಲ್ಲ.

"ಏನೂ ಆಗಕಿಲ್ಲ ಬುಡ್ಲಾ" ಎಂದು ಕಾರನ್ನು ರೋಡಿಗೆ ತಳ್ಳಿ ನಿಲ್ಲಿಸಿ, ಅಂಗಳಕ್ಕೆ ನೀರು ಸುರಿದು ತೊಳೆದ. ಆಫ್ತಾಬ್ ಮುಖ ಊದಿಸಿಕೊಂಡೇ ಬೈಕು ಹತ್ತಿದ. ಸ್ವಲ್ಪ ಹೊತ್ತಿಗೆ ಸೌಮ್ಯ ಸೊಪ್ಪಿನ ಹೊರೆ ಹೊತ್ತು ಬಂದಳು. ಹುಳುಮನೆಯ ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ಏನೋ ವಾಸ್ನೆ ಬತ್ತೈತಲ್ರೀ?"

ಹೇಳಬಹುದಿತ್ತು. ಕಿಟಕಿ ಬಾಗಿಲು ತೆರೆದು, ಗಾಳಿ ಆಡಿಸಿ, ಒಸಿ ಹುಳುವನ್ನಾದರೂ ಉಳಿಸಿಕೊಳ್ಳಬಹುದಿತ್ತು. ಮನೋಹರನ ಬಾಯಿಂದ ಬಂದದ್ದೇ ಬೇರೆ. "ಒಗ್ಗರಣೆ ಹಾಕಿದ್ಯಲ್ಲ, ಅದೇ ಇರ್ಬೇಕು" ಅಂದ. ಯೋಚನೆ ಮಾಡಿ ಆಡಿದ ಸುಳ್ಳಲ್ಲ ಅದು, ಜಾರಿಬಿದ್ದ ಮಾತು. ಜಾರಿಬಿದ್ದ ಮಾತನ್ನು ಎತ್ತಿಕೊಳ್ಳಲು ಅವನು ಬಗ್ಗಲೂ ಇಲ್ಲ.

ಸಂಜೆ ಹುಳು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಮರುದಿನ ನಾಗಲಕ್ಷ್ಮಮ್ಮ ಬರುವ ವೇಳೆಗೆ ಬಾಯಿಂದ ಹಸಿರು ನೀರು ಕಾರಿ ತಟ್ಟೆ ತಟ್ಟೆಯೇ ಮಲಗಿತ್ತು. ಅವಳು ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡು ನೋಡಿದಳು.

"ಏನವ್ವಾ ಮಾಡ್ದೆ?"

"ಒಗ್ಗರಣೆ ಹಾಕಿದ್ದೆ ಅತ್ತೆ, ಹಿತ್ಲಲ್ಲೇ" ಅಂದಳು ಸೌಮ್ಯ.  "ವಾಸ್ನೆ ಇಲ್ಲಿಗಂಟ ಬಂದ್ಬುಟ್ಟಿತ್ತು. ಇವ್ರೂ ಹೇಳುದ್ರು."

ಇಬ್ಬರೂ ಮನೋಹರನ ಕಡೆ ತಿರುಗಿದರು.   ಅವನು ಹೂಂ ಎಂದು ತಲೆಯಾಡಿಸಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಸತ್ತ ಹುಳುವನ್ನು ತಿಪ್ಪೆಯಾಚೆ ಗುಂಡಿ ತೋಡಿ ಮುಚ್ಚಿದರು. ಉಳಿದವು ಕಾಗದದಂಥ ತೆಳು ಗೂಡು ಕಟ್ಟಿದವು, ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡಲಿಲ್ಲ. ನಾಗಲಕ್ಷ್ಮಮ್ಮ ಒಂದು ಮಾತೂ ಬೈಯಲಿಲ್ಲ. ಸೊಸೆಯ ಕೈಯಿಂದ ಮಂಕರಿಯನ್ನು ಮಾತ್ರ ವಾಪಸು ತೆಗೆದುಕೊಂಡಳು. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು. ಸೌಮ್ಯ ದೇವರ ಮುಂದೆ ಕರ್ಪೂರ ಹಚ್ಚಿ, ಈ ಮನೆಯಲ್ಲಿ ಮತ್ತೆ ಒಳ್ಳೆ ಗೂಡು ಆಗುವ ತನಕ ಸಾಸಿವೆ ಡಬ್ಬಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು.

ಅಂದಿನಿಂದ ಮನೆಯಲ್ಲಿ ಬರೀ ಸಪ್ಪೆ ಸಾರು. ಬೇಳೆ ಬೆಂದಿರುತ್ತದೆ, ಉಪ್ಪು ಹುಳಿ ಇರುತ್ತದೆ, ಖಾರ ಇರುತ್ತದೆ, ಜೀವ ಮಾತ್ರ ಇರುವುದಿಲ್ಲ. ಬಡಿಸಿ ಸೌಮ್ಯ ಗಂಡನ ಮುಖ ನೋಡುತ್ತಿದ್ದಳು.

"ಸಪ್ಪೆ ಆಯ್ತೇನ್ರೀ?"

"ಇಲ್ಲ ಇಲ್ಲ, ಚೆನ್ನಾಗೈತೆ" ಅನ್ನುತ್ತಿದ್ದ ಮನೋಹರ. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಅಂದುಕೊಂಡು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ. ಸಪ್ಪೆ ಸಾರು ಉಂಡರೆ ಪಾಪ ಹೋಗುವುದಾದರೆ ಪಥ್ಯದ ರೋಗಿಗಳೆಲ್ಲ ಸ್ವರ್ಗಕ್ಕೇ ಹೋಗಬೇಕಿತ್ತು.

ಕಾರಿನ ಸದ್ದು ಕೇಳಿದರೆ ಈಗ ಅವನಿಗೇ ಮೈ ಮುದುಡುತ್ತಿತ್ತು. ಮನೆಯ ಹತ್ತಿರ ಅದನ್ನು ಸ್ಟಾರ್ಟು ಮಾಡುವುದನ್ನೇ ಬಿಟ್ಟ. ಬೆಳಿಗ್ಗೆ ನ್ಯೂಟ್ರಲ್ ಮಾಡಿ ಹುಣಸೆಮರದ ತನಕ ಒಬ್ಬನೇ ತಳ್ಳಿಕೊಂಡು ಹೋಗುತ್ತಿದ್ದ. ನಾಗಲಕ್ಷ್ಮಮ್ಮ ಅದನ್ನು ಕಂಡು ಬೀದಿಯವರ ಮುಂದೆಲ್ಲ, "ಹುಳಕ್ಕೆ ಹೊಗೆ ತಾಗ್ಬಾರ್ದು ಅಂತ ನನ್ ಮಗ ಕಾರು ತಳ್ಕಂಡೋಯ್ತಾನೆ ನೋಡ್ರವ್ವಾ. ಸೊಸೆಗೂ ಈ ಗ್ಯಾನ ಇದ್ದಿದ್ರೆ!" ಎಂದು ಹೊಗಳಿದಳು. ಆ ಹೊಗಳಿಕೆ ಕೇಳಿ ಮನೋಹರನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇವತ್ತು ಹೇಳುತ್ತೇನೆ ಅಂದುಕೊಳ್ಳುವುದು, ಅವ್ವನ ಮುಖ ನೋಡಿದೊಡನೆ ನಾಳೆ ಅನ್ನುವುದು. ಹೀಗೇ ಹೊಸ ಬೆಳೆಯ ಹುಳುಮರಿ ಬಂತು. ಸೌಮ್ಯ ಹುಳುಮನೆಯ ಹೊಸ್ತಿಲಾಚೆ ನಿಂತು ಸೊಪ್ಪು ಹೆಚ್ಚಿ ಒಳಗೆ ಕೊಡುತ್ತಿದ್ದಳು. ಕರೆದರೂ ಒಳಗೆ ಬರುತ್ತಿರಲಿಲ್ಲ. "ನನ್ ಕೈಗುಣ ಸರಿ ಇಲ್ಲ ಕಣತ್ತೆ" ಅನ್ನುತ್ತಿದ್ದಳು. ಅದನ್ನು ಅವಳು ನಿಜವೆಂದೇ ನಂಬಿದ್ದಳು.

ಮತ್ತೊಂದು ಭಾನುವಾರ ಆಫ್ತಾಬ್ ಬಂದ. ನಾಗಲಕ್ಷ್ಮಮ್ಮ ಉಂಡೇ ಹೋಗು ಎಂದು ಕೂರಿಸಿದಳು. ಸೌಮ್ಯ ಮುದ್ದೆ ಇಟ್ಟು ಸಾರು ಬಿಟ್ಟಳು. ಆಫ್ತಾಬ್ ಒಂದು ತುತ್ತು ನುಂಗಿ ನಕ್ಕ.

"ಏನಕ್ಕಾ, ಒಗ್ಗರಣೆ ಮರ್ತ್‌ಬುಟ್ರಾ?"

"ಮರ್ತಿಲ್ಲ ಕಣಪ್ಪ, ಹರಕೆ ಹೊತ್ತವ್ಳೆ" ಅಂದಳು ನಾಗಲಕ್ಷ್ಮಮ್ಮ. "ಹೋದ್ ಬೆಳೆ ಇವ್ಳ ಒಗ್ಗರಣೆ ಹೊಗೇಲೇ ಅಲ್ವಾ ಹೋಗಿದ್ದು."

ಆಫ್ತಾಬನ ಕೈ ತಟ್ಟೆಯಲ್ಲೇ ನಿಂತಿತು.  ಮನೋಹರನನ್ನು ಸುಮ್ಮನೆ ನೋಡಿದ. ಥೂ ನಿನ್ನ ಜನ್ಮಕ್ಕೆ ಅಂದಿದ್ದರೂ ಇಷ್ಟು ತಾಗುತ್ತಿರಲಿಲ್ಲ.

"ಒಗ್ಗರಣೆ ಅಲ್ಲ ಕಣವ್ವಾ" ಅಂದ ಮನೋಹರ.  "ನನ್ ಕಾರಿನ ಹೊಗೆ. ನೀನು ಕನಕ್‌ಪುರಕ್ಕೆ ಹೋಗಿದ್ದಾಗ ಅಂಗಳದಲ್ಲೇ ಸ್ಟಾರ್ಟು ಮಾಡ್ಬುಟ್ಟೆ. ಇವ್ನು ಬ್ಯಾಡ ಅಂದ, ಕೇಳ್ನಿಲ್ಲ. ಸೌಮ್ಯ ವಾಸ್ನೆ ಅಂದಾಗ ಒಗ್ಗರಣೆದು ಅಂತ ಸುಳ್ಳು ಹೇಳ್ದೆ. ತಪ್ಪಾಯ್ತು."

ಸೌಮ್ಯ ಸೌಟು ಹಿಡಿದು ನಿಂತೇ ಇದ್ದಳು. ನಾಗಲಕ್ಷ್ಮಮ್ಮ ಮಗನನ್ನು ಪರಕೀಯನನ್ನು ನೋಡಿದ ಹಾಗೆ ನೋಡಿದಳು.

"ಹುಳ ಹೋದ್ರೆ ಇನ್ನೊಂದು ಬೆಳೆ ಬತ್ತೈತೆ ಕಣ್ಲಾ. ದಿನಾ ಈ ಮಗೀನ ಮಖ ನೋಡ್ಕಂಡು ಹೆಂಗ್ಲಾ ಉಂಡೆ?"

 ನಾಗಲಕ್ಷ್ಮಮ್ಮ ಸೊಸೆಯ ಕಡೆ ತಿರುಗಿದಳು. ಅವಳ ದನಿ ಇಳಿಯಿತು. "ನಾನೂ ಕುರುಡಿ ಆಗ್ಬುಟ್ಟೆ ಕಣವ್ವಾ. ನಿನ್ ತಪ್ಪೇ ಇಲ್ದಾಗ ಹರಕೆ ಎಲ್ಲೀದು? ಹೋಗು, ಸಾರಿಗೆ ಒಗ್ಗರಣೆ ಹಾಕು. ಉಂಡಾದ್ಮೇಲೆ ಮಂಕರಿ ತಗೊಂಡು ಒಳೀಕೆ ಬಾ."

ಸೌಮ್ಯ ಸಾರನ್ನು ಎರಡು ಪಾತ್ರೆಗೆ ಬಗ್ಗಿಸಿ, ಒಂದನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ಹಿತ್ತಲಿನ ಆ ತುದಿಯ ಒಲೆಗೆ ಒಯ್ದಳು. ಸಾಸಿವೆ ಸಿಡಿದದ್ದು ಕೇಳಿಸಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ವಾಸನೆ ಸಣ್ಣಗೆ ಬಂತು. ಕಣ್ಣು ಒರೆಸಿಕೊಂಡು ಒಳಗೆ ಬಂದವಳು ಆಫ್ತಾಬನಿಗೆ ಬಡಿಸಿದಳು, ಅತ್ತೆಗೆ ಬಡಿಸಿದಳು, ತನ್ನ ತಟ್ಟೆಗೂ ಹಾಕಿಕೊಂಡಳು. ಮನೋಹರ ತಟ್ಟೆ ಮುಂದೆ ಸರಿಸಿದ. ಅವಳು ಪಕ್ಕದಲ್ಲಿದ್ದ ಸಪ್ಪೆ ಸಾರಿನ ಪಾತ್ರೆಯನ್ನು ಎತ್ತಿಕೊಂಡಳು.

"ನಿಮಗೆ ಇದೇ ಚೆನ್ನಾಗೈತಲ್ಲ" ಅಂದಳು. "ದಿನಾ ಹೇಳ್ತಿದ್ರಿ."

ತಟ್ಟೆ ತುಂಬ ಬಿಟ್ಟಳು.  ಮನೋಹರ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ.