ಮೆಂಬರ್ ಜುರೇಮಾ ಎದ್ದು ಹೋದ ಸಂಜೆ

ಗದಗಿನ ನಗರಸಭೆಯಲ್ಲಿ ಎರಡು ಅವಧಿ ಸದಸ್ಯರಾಗಿದ್ದ ಶಿವರುದ್ರಪ್ಪನವರಿಗೆ, ಮೆಂಬರ್ ಎಂದರೆ ಹೇಗಿರಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿಯೇ, ಕಡಲಾಚೆಯ ದೇಶದಲ್ಲಿ ಕ್ಯಾಂಪ್‌ಬೆಲ್‌ಗೆ ಅಂಟಿಕೊಂಡ ಪುಟ್ಟ ನಗರದಲ್ಲಿ ಮಗಳು ನಿವೇದಿತಾಳ ಮನೆಗೆ ಬಂದು ನೆಲೆಸಿದ ಹೊಸತರಲ್ಲಿ, ಕಸದ ತೊಟ್ಟಿಯನ್ನು ತಾನೇ ರಸ್ತೆಯಂಚಿಗೆ ಎಳೆದು ತರುತ್ತಿದ್ದ ನೆರೆಯ ಹೆಂಗಸು ಇಲ್ಲಿಯ ಸಿಟಿ ಕೌನ್ಸಿಲ್ ಸದಸ್ಯೆ ಎಂದು ಕೇಳಿ ಅವರು ನಕ್ಕುಬಿಟ್ಟಿದ್ದರು.

"ಮೆಂಬರಾ? ಹಿಂದ ಮುಂದ ಒಂದ ಹುಳಾನೂ ಇಲ್ಲಲ್ಲ!"

ಆಕೆಯ ಹೆಸರು ಜುರೇಮಾ. ಬ್ರೆಜಿಲಿನ ಗೊಯಾಸ್ ಪ್ರಾಂತದ ಸಣ್ಣ ಊರೊಂದರಲ್ಲಿ ಶಾಲೆಯ ಶಿಕ್ಷಕಿಯಾಗಿದ್ದವರು. ಒಮ್ಮೆ ಅಲ್ಲಿಯ ಪುರಸಭೆಗೆ ಗೆದ್ದು, ಮರುಸಲ ಸೋತು, ಈ ದೇಶಕ್ಕೆ ಬಂದು ಮನೆಗಳನ್ನು ಒರೆಸಿ ತೊಳೆದು ಬದುಕಿದವರು. ಪೌರತ್ವ ದೊರೆತ ಮೇಲೆ ಕೌನ್ಸಿಲಿಗೆ ನಿಂತರು. ಒಂದು ಕಾಲಕ್ಕೆ ಬಕೆಟ್ಟು ಹಿಡಿದು ಹಿಂಬಾಗಿಲಿನಿಂದ ಒಳಹೋಗುತ್ತಿದ್ದ ಮನೆಗಳ ಮುಂಬಾಗಿಲು ತಟ್ಟಿ ಮತ ಕೇಳಿದರು. ಆ ಬಾಗಿಲುಗಳು ತೆರೆದವು. ಈ ಕಥೆಯನ್ನು ಮಗಳ ಬಾಯಿಂದ ಕೇಳಿದಂದಿನಿಂದ ಶಿವರುದ್ರಪ್ಪನವರ ನಗು ಅಡಗಿತ್ತು.

ಬೀದಿಯ ತಿರುವಿನಲ್ಲಿ ರಸ್ತೆ ದಾಟಿದರೆ ಹಿರಿಯರು ಕೂಡುವ ಪಾರ್ಕು. ಒಂದು ಬೆಳಿಗ್ಗೆ ಅಲ್ಲಿ ರಸ್ತೆ ದಾಟುವಾಗ ಶಿವರುದ್ರಪ್ಪನವರ ಹೆಂಡತಿ ಬಂಗಾರೆವ್ವನ ಸೆರಗಿಗೆ ಕಾರಿನ ಕನ್ನಡಿ ತಾಗಿತು. ಆಕೆ ಬಿದ್ದದ್ದು ಹುಲ್ಲಿನ ಮೇಲಾದ್ದರಿಂದ ಉಳಿದರು. ಹಿರಿಯರು ಕೂಡಿ ಕೊಟ್ಟ ಅರ್ಜಿಯಿಂದ, ಅಲ್ಲೊಂದು ಸಿಗ್ನಲ್ ಹಾಕುವ ವಿಷಯ ಕೌನ್ಸಿಲಿನ ಮುಂದೆ ಬಂತು.

"ಚಿಂತಿ ಬಿಡ್ರಿ. ಮೆಂಬರ್ ಮನಿ ಆ ತಿರುವಿನ್ಯಾಗ ಐತಿ. ಸಿಗ್ನಲ್ ಬಂತಂತನ ತಿಳೀರಿ," ಎಂದು ಶಿವರುದ್ರಪ್ಪನವರು ಪಾರ್ಕಿನ ಗೆಳೆಯರಿಗೆ ಮಾತು ಕೊಟ್ಟರು. ಯಾರೂ ಸಭೆಗೆ ಬಂದು ಮಾತಾಡುವ ಅಗತ್ಯವಿಲ್ಲವೆಂದೂ ಹೇಳಿದರು. ಮಗಳೊಡನೆ ತಾವೊಬ್ಬರೇ ಹೋದರು.

ವಿಷಯ ಬಂದೊಡನೆ ಜುರೇಮಾ ಎದ್ದು ನಿಂತರು. "ನನ್ನ ಮನೆ ಆ ತಿರುವಿಗೆ ತೀರ ಹತ್ತಿರ. ಸಿಗ್ನಲಿನಿಂದ ನನ್ನ ಆಸ್ತಿಯ ಬೆಲೆ ಬದಲಾಗಬಹುದು. ಇದರಲ್ಲಿ ನಾನು ಭಾಗವಹಿಸುವಂತಿಲ್ಲ." ಅಷ್ಟು ಹೇಳಿ ಹೊರನಡೆದರು.

"ಎಲ್ಲಿ ಹೊಂಟ್ರು ಇವರು?"

"ಇಲ್ಲಿ ರೂಲ್ಸು ಹಂಗೈತಿ ಅಪ್ಪಾ. ಮನಿ ಹತ್ರ ಇತ್ತಂದ್ರ ವೋಟ್ ಹಾಕಂಗಿಲ್ಲ."

ಉಳಿದ ನಾಲ್ವರಲ್ಲಿ ಇಬ್ಬರು ಬೇಕೆಂದರು, ಇಬ್ಬರು ಬೇಡವೆಂದರು. ಬಹುಮತ ಸಿಗದೆ ಸಿಗ್ನಲಿನ ಪ್ರಸ್ತಾವ ಬಿದ್ದುಹೋಯಿತು.

ಹೊರಗಿನ ಬೆಂಚಿನ ಮೇಲೆ ಜುರೇಮಾ ಒಬ್ಬರೇ ಕುಳಿತಿದ್ದರು. ಶಿವರುದ್ರಪ್ಪನವರ ಸಿಟ್ಟನ್ನು ನಿವೇದಿತಾ ಇಂಗ್ಲಿಷಿಗೆ ತಿರುಗಿಸಬೇಕಾಯಿತು. "ನೀವೊಂದು ಕೈ ಎತ್ತಿದ್ರ ಸಾಕಿತ್ತು. ನಮ್ಮಲ್ಲಿ ಸ್ವಂತ ಓಣಿಗೆ ಏನೂ ಮಾಡಿಸಲಾರದವರಿಗೆ ಮೆಂಬರ್ ಅನ್ನೂದಿಲ್ರಿ."

"ನಮ್ಮೂರಲ್ಲೂ ಅನ್ನುವುದಿಲ್ಲ," ಎಂದರು ಜುರೇಮಾ. "ಅಲ್ಲಿ ಮೊದಲು ಆಸ್ಪತ್ರೆಯ ರಸ್ತೆಗೆ ಡಾಂಬರು ಹಾಕಿಸಿದೆ. ನಮ್ಮ ಬೀದಿ ಧೂಳಿನಲ್ಲೇ ಉಳಿಯಿತು. ಮರುಸಲ ನಮ್ಮ ಬೀದಿಯವರೇ ನನ್ನನ್ನು ಸೋಲಿಸಿದರು."

ಅವರ ದನಿಯಲ್ಲಿ ದೂರಿರಲಿಲ್ಲ. ಒಮ್ಮೆ ಊರನ್ನೇ ಕಳೆದುಕೊಂಡಿದ್ದರೂ ಇಷ್ಟು ವರ್ಷಗಳ ಮೇಲೆ ಅದೇ ದಾರಿ ಹಿಡಿದು ಎದ್ದು ಹೋಗುವ ಮನುಷ್ಯರನ್ನು ಶಿವರುದ್ರಪ್ಪನವರು ರಾಜಕಾರಣದಲ್ಲಿ ಕಂಡಿರಲೇ ಇಲ್ಲ.

"ಬಂಗಾರೆವ್ವ ನಾಳೆ ಎಷ್ಟು ಹೊತ್ತಿಗೆ ಪಾರ್ಕಿಗೆ ಹೋಗುತ್ತಾರೆ?" ಎಂದು ಜುರೇಮಾ ಕೇಳಿದರು.

ಮರುದಿನ ಬೆಳಿಗ್ಗೆ ತಿರುವಿನಲ್ಲಿ ಕಿತ್ತಳೆ ಬಣ್ಣದ ಬಾವುಟ ಹಿಡಿದು ಆಕೆ ನಿಂತಿದ್ದರು. ಬಾವುಟ ಎತ್ತಿದರು, ಕಾರುಗಳು ನಿಂತವು, ಬಂಗಾರೆವ್ವ ನಡುರಸ್ತೆಯಲ್ಲಿ ನಿಧಾನವಾಗಿ, ರಾಣಿಯಂತೆ ನಡೆದರು. ಅದರ ಮರುದಿನವೂ ಜುರೇಮಾ ಅಲ್ಲಿದ್ದರು. ಮೂರನೆಯ ದಿನ ಶಿವರುದ್ರಪ್ಪನವರು ಇನ್ನೊಂದು ಬಾವುಟ ಹಿಡಿದು ಎದುರಿನ ಅಂಚಿನಲ್ಲಿ ನಿಂತರು.

"ಮುಂದಿನ ಮೀಟಿಂಗಿಗೆ ಎಲ್ಲಾರೂ ಬರ್ರಿ," ಎಂದು ಪಾರ್ಕಿನ ಗೆಳೆಯರನ್ನು ಕೂಗಿದರು. "ಈ ಸಲ ಮಾತಾಡಾಂವ ನಾನು."

ದಾಟುತ್ತಿದ್ದ ಬಂಗಾರೆವ್ವ ಅವರ ಮುಂದೆ ಬಂದು ನಿಂತರು. "ಗದಗಿನ್ಯಾಗ ಮೆಂಬರ್ ಇದ್ದಾಗ ಒಂದಿನಾನೂ ಹಿಂಗ ಬಿಸಲಾಗ ನಿಂತಿರಲಿಲ್ರಿ ನೀವು."

"ಮೊದಲ ರಸ್ತಾ ದಾಟ," ಎಂದು ಶಿವರುದ್ರಪ್ಪನವರು ಬಾವುಟವನ್ನು ಇನ್ನಷ್ಟು ಮೇಲೆತ್ತಿದರು.