ಹುಳುಮನೆಗೆ ಸೇರದ ಮೂಗಿನ ಔಷಧ

ದೇವರು ಮನುಷ್ಯನಿಗೆ ಎರಡು ಮೂಗಿನ ಹೊಳ್ಳೆಗಳನ್ನು ಕೊಟ್ಟಿದ್ದಾನೆಂಬುದು ನನಗೆ ಕನ್ನಡಿಯಿಂದ ತಿಳಿದ ವಿಷಯವೇ ಹೊರತು ಅನುಭವದಿಂದಲ್ಲ. ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿಯೇ ಇರುತ್ತದೆ. ಯಳಂದೂರಿನಲ್ಲಿ ಮೇಷ್ಟರಾಗಿದ್ದ ಕಾಲದಿಂದಲೂ ನಾನು ಆಡಿದ ಅನುನಾಸಿಕಗಳೆಲ್ಲ ಅನುಮಾನಾಸ್ಪದವೇ.

ಇದಕ್ಕೆ ಪರಿಹಾರವೆಂದು ಔಷಧದಂಗಡಿಯಲ್ಲಿ ನಾನೇ ಕೇಳಿ ತಂದ ಮೂಗಿನ ಹನಿಯ ಸೀಸೆಯೊಂದು ವರ್ಷಗಟ್ಟಲೆ ನನ್ನ ಜೇಬಿನಲ್ಲಿ ವಾಸವಾಗಿತ್ತು. ಕೊನೆಗೆ ಕೊಳ್ಳೇಗಾಲದ ಡಾಕ್ಟರಮ್ಮ ಅದನ್ನು ಕಿತ್ತಿಟ್ಟುಕೊಂಡು, ಇದು ಜೋರು ನೆಗಡಿಗೆ ನಾಲ್ಕು ದಿನ ಹಾಕುವ ಔಷಧ, ನಿಮ್ಮ ಮೂಗು ಈಗ ಇದರಿಂದಲೇ ಕಟ್ಟುತ್ತಿದೆ ಎಂದರು. ದಿನವೂ ಹೊಡೆದುಕೊಳ್ಳಬೇಕಾದ ಬೇರೊಂದು ಸ್ಪ್ರೇ ಬರೆದುಕೊಟ್ಟು, ಗುಣ ಕಾಣಲು ವಾರಗಳಾಗಬಹುದು, ತಾಳ್ಮೆಯಿರಲಿ ಎಂದೂ ಎಚ್ಚರಿಸಿದರು. ಜೀವನಪೂರ್ತಿ ಮಕ್ಕಳಿಗೆ ತಾಳ್ಮೆ ಬೋಧಿಸಿದವನಿಗೆ ಅದು ಸ್ವಲ್ಪ ಚುಚ್ಚಿತು.

ಅಂದು ನನ್ನ ಪಕ್ಕದಲ್ಲಿ ಕುಳಿತಿದ್ದವರು ಮುಳ್ಳೂರಿನ ಚಿಕ್ಕತಾಯಮ್ಮ. ರೇಷ್ಮೆಹುಳು ಸಾಕುವವರು. ಹುಳುಮನೆಯ ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿಗಳ ನಡುವೆ ಅವರ ಮೂಗು ಕಟ್ಟಿ ವಾಸನೆಯೇ ತಿಳಿಯದಂತಾಗಿತ್ತು. ಹುಳುಗಳು ಮೆತ್ತಗಾಗಿ ಕೊಳೆತು ನಾರುವ ಸಪ್ಪೆರೋಗ ಬಂದರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗಬೇಕಂತೆ. ಗೊತ್ತಾಗದೆ ಹಿಂದಿನ ಗೂಡಿನ ಬೆಳೆ ಪೂರ್ತಿ ಹಾಳಾಗಿತ್ತು. ಈ ಬೆಳೆಯೂ ಹಾಗೇ ಹೋದರೆ ಹುಳ ಸಾಕುವುದನ್ನೇ ಬಿಡಬೇಕೆಂದು ಮನೆಯಲ್ಲಿ ಮಾತಾಗಿತ್ತು. ಇಷ್ಟಾದರೂ ಡಾಕ್ಟರಮ್ಮ ತಿಂಗಳ ಹಿಂದೆ ಅವರಿಗೆ ಕೊಟ್ಟಿದ್ದ ಸ್ಪ್ರೇ ಸೀಸೆ ತುಂಬಿದಂತೆಯೇ ಇತ್ತು. ಡಾಕ್ಟರಮ್ಮ ಸಿಟ್ಟಾದರು.

“ಅದ್ರಲ್ಲಿ ಊವಿನ್ ವಾಸ್ನೆ ಅದೆ ಅಂತಾರೆ ಮನೇಲಿ ಕಣ್ರವ್ವ,” ಎಂದರು ಆಕೆ ಮೆಲ್ಲಗೆ. “ಸೆಂಟಾಕಂಡು ಬಂದೋರ್ನೇ ಉಳಿನ್ ಮನೆ ಒಳಿಕ್ಕೆ ಬುಡಾಕಿಲ್ಲ ನಾವು. ನಾನೇ ಮೂಗ್ಗೊಡ್ಕಂಡು ಓದ್ರೆ ಉಳ ಬದುಕ್ತವಾ?”

ನನಗೆ ನಗು ಬರಲಿಲ್ಲ. ನಾನು ನನ್ನ ಮೂಗಿನ ಮೇಲಿನ ಅತಿಪ್ರೀತಿಯಿಂದ ಔಷಧ ಸುರಿದು ಅದನ್ನೇ ಕೆಡಿಸಿಕೊಂಡಿದ್ದೆ. ಆಕೆ ಹುಳುಗಳ ಮೇಲಿನ ಪ್ರೀತಿಯಿಂದ ತನ್ನ ಮೂಗನ್ನೇ ಬಿಟ್ಟುಕೊಟ್ಟಿದ್ದರು. ಡಾಕ್ಟರಮ್ಮನ ಸಿಟ್ಟೂ ಇಳಿಯಿತು. ಹುಳುಮನೆಯಿಂದ ದೂರ, ದಾರಿಯಲ್ಲಿ ನಿಂತು, ತಲೆ ತುಸು ಬಗ್ಗಿಸಿ, ಸೀಸೆಯ ಮೂತಿಯನ್ನು ಮೂಗಿನ ನಡುಗೋಡೆಯತ್ತ ಅಲ್ಲ, ಹೊರಬದಿಗೆ ತಿರುಗಿಸಿ ಹೊಡೆದುಕೊಳ್ಳಿ. ಆಮೇಲೆ ಮುಖ, ಕೈ ತೊಳೆದು ಒಳಗೆ ಹೋಗಿ. ಪುಡಿ ಎರಚುವಾಗ ಬಟ್ಟೆ ಕಟ್ಟಿಕೊಳ್ಳಿ ಎಂದು ತಾವೇ ಎದ್ದು ನಿಂತು ತೋರಿಸಿಕೊಟ್ಟರು. ಆಗ ಹುಳುಗಳು ಮೊದಲನೇ ಜ್ವರಕ್ಕೆ ಕೂತಿದ್ದವು, ಅಂದರೆ ಪೊರೆ ಬಿಡುವ ಮುನ್ನ ಮೇವು ಬಿಟ್ಟು ಸುಮ್ಮನಿದ್ದವು. ಗೂಡು ಕಟ್ಟಲು ಇನ್ನು ಸುಮಾರು ಮೂರೇ ವಾರ, ಮೂಗು ತೆರೆಯಲು ಕಾಲಾವಕಾಶ ಹೆಚ್ಚಿರಲಿಲ್ಲ.

ತಿಂಗಳಾದ ಮೇಲೆ ಮತ್ತೆ ಮೂಗು ತೋರಿಸಲು ನಾನು ಹೋದಾಗ ಆಕೆಯೂ ಬಂದಿದ್ದರು. ಬೆಳೆ ಏನಾಯಿತೆಂದು ಕೇಳಲು ನನಗೇ ಭಯ. ಕೇಳಿದೆ.

“ಒಂದಿನ ಬೆಳಿಗ್ಗೆ ಉಳಿನ್ ಮನೆ ಬಾಗ್ಲು ತಗ್ದೆ ಸಾ, ಗಬ್ಬು ವಾಸ್ನೆ ಬಂತು. ಮೂಸ್ಕಂಡೇ ಓದೆ. ಮೂಲೇಲಿ ಎಲ್ಡು ತಟ್ಟೆ ಕೆಟ್ಟಿದ್ವು. ತಗ್ದು ಊತಾಕ್ದೆ. ಮಿಕ್ಕಿದ್ದೆಲ್ಲಾ ಗೂಡು ಕಟ್ಟವೆ.”

ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುವಾಸನೆಯ ಬಗ್ಗೆ ಬಹಳ ಓದಿ, ಬಹಳ ಪಾಠ ಮಾಡಿದವನು ನಾನು. ದುರ್ವಾಸನೆ ಬಂತೆಂದು ಸಂತೋಷಕ್ಕೆ ಅತ್ತವರನ್ನು ಕಂಡದ್ದು ಅದೇ ಮೊದಲು. ನನಗೂ ಯಾಕೋ ಮೂಗು ಕಟ್ಟಿತು. ಅದಕ್ಕೆ ಡಾಕ್ಟರಮ್ಮನನ್ನು ಮದ್ದು ಕೇಳಲಿಲ್ಲ.