ಎರಡು ಸ್ಕೂಲಿನ ಗ್ರಾಚ್ಯುಟಿ

ಚನ್ನರಾಯಪಟ್ಟಣದ ಸ್ಕೂಲಿನಿಂದ ರಿಟೈರ್ ಆಗಿ ಗ್ರಾಚ್ಯುಟಿ ಕೈಗೆ ಬಂದ ವಾರ ಹಾಸನಕ್ಕೆ ಆಡಿಟರ್ ನೋಡಲು ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಮಾತಿಗೆಳೆದರು. ಹಿಂದೆ ಹೊಳೆನರಸೀಪುರದ ಸ್ಕೂಲು ಬಿಟ್ಟಾಗಲೂ ಗ್ರಾಚ್ಯುಟಿ ಬಂದಿತ್ತು ಎಂದು ಬಾಯಿಬಿಟ್ಟೆ.

"ಎರಡು ಕಡೆ ತಗಂಡ್ರಾ ಮಿಸ್ಸು? ತೆರಿಗೆ ವಿನಾಯ್ತಿ ಒಂದೇ ಸಲ ಕಣ್ರೀ. ನಮ್ಮ ಭಾವಂಗೆ ನೋಟೀಸ್ ಬಂದ್ಬುಡ್ತು," ಅಂದರು.

ಹಳೇ ದುಡ್ಡು ಮನೆ ಸಾಲಕ್ಕೆ ಹೋಗಿತ್ತು. ಹೊಸದನ್ನು ಯಜಮಾನರ ಆಪರೇಷನ್ನಿಗೆ ಇಟ್ಟಿದ್ದೆ. ಅದರಲ್ಲೇ ತೆರಿಗೆ ಕಟ್ಟು ಅಂದರೆ? ಹಾಸನ ಬಂದದ್ದೂ ತಿಳಿಯಲಿಲ್ಲ, ಆಕೆಯೇ ತಟ್ಟಿ ಇಳಿಸಿದರು.

ಆಡಿಟರ್ ಎರಡೂ ಕಡೆಯ ಕಾಗದ ನಿಧಾನವಾಗಿ ಓದಿದರು. "ಒಂದೇ ಸಲ ಅಂತೇನಿಲ್ಲ ಮೇಡಂ. ಆದ್ರೆ ಎಲ್ಲಾ ಕಡೆಯದೂ ಸೇರಿ ಜೀವಮಾನಕ್ಕೆ ಇಪ್ಪತ್ತು ಲಕ್ಷದ ಮಿತಿ ಇದೆ."

"ದಾಟಿದೀನಾ ಸಾರ್?" ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇನ್ನೆರಡು ಸ್ಕೂಲಲ್ಲಿ ರಿಟೈರ್ ಆದ್ರೂ ದಾಟಲ್ಲ ಬಿಡಿ."

ಎದೆ ಹಗುರಾಯಿತು. ವಾಪಸ್ ಬಸ್ಸಿನಲ್ಲೂ ಪಕ್ಕದವರು ಮಾತಿಗೆಳೆದರು, ನಾನು ಕಿಟಕಿ ಕಡೆ ತಿರುಗಿಕೊಂಡೆ. ತೆರಿಗೆಗೆ ಹೆದರುವಷ್ಟೂ ನಾನು ದುಡಿದಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?